ತಿಂಡಿ ಮುಗಿಸಿಯೇ ಪಾರ್ಕಿಗೆ ಹೋಗಬೇಕಾ?

ಹೆಸರು, ಗುರುತು ಬದಲಾಯಿಸಿದ್ದೇನೆ. ಆದರೂ ಓದುವ ಕೆಲವರಿಗೆ ಇದು ತಮ್ಮದೇ ಕಥೆ ಅನ್ನಿಸಬಹುದು. ಬೆಂಗಳೂರಿನಲ್ಲಿ ಸಲಹೆಗೆಂದು ನನ್ನ ಹತ್ತಿರ ಅಷ್ಟು ಜನ ಹೆಂಗಸರು ಇದನ್ನೇ ಹೇಳಿಕೊಂಡು ಬರುತ್ತಾರೆ.

ಸುಮಾ ಅನ್ನೋಣ. 48 ವರ್ಷ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗ, ಅತ್ತೆ. ಮುಟ್ಟು ನಿಲ್ಲುವ ಸಮಯ, ಸುಸ್ತು, ಸಿಡಿಮಿಡಿ. ಮೊದಲು ರಕ್ತಹೀನತೆ, ಥೈರಾಯ್ಡ್, ಬಿಪಿ ನೋಡಿಸಿಕೊಂಡು ಬನ್ನಿ ಎಂದೆ. ಈ ವಯಸ್ಸಿನ ಸುಸ್ತನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅವೆಲ್ಲ ಸರಿಯಾಗಿಯೇ ಇದ್ದವು.

ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೆ ಹೆಂಗಸರ ಗುಂಪು ಸೇರುತ್ತದೆ. ಬಿರುಸು ನಡಿಗೆ, ಏರೋಬಿಕ್ಸ್. ಸುಮಾ ಕೆಲವು ತಿಂಗಳು ಹೋಗಿ ಬಿಟ್ಟಿದ್ದರು.

"ಒಂದು ಕೆಜಿನೂ ಇಳೀಲಿಲ್ಲ ಮೇಡಂ. ಸುಮ್ನೆ ಹರಟೆ ಹೊಡೆಯೋಕೆ ಹೋಗ್ತೀಯ ಅಂದ್ರು ನಮ್ಮನೆಯವರು."

"ತೂಕ ಬಿಡಿ. ಮೆಟ್ಟಿಲು ಹತ್ತುವಾಗ ಹೇಗಿತ್ತು?"

ಸ್ವಲ್ಪ ಯೋಚಿಸಿದರು. "ಬಟ್ಟೆ ಒಣಗಿಸೋಕೆ ಮೂರು ಮಹಡಿ ಹತ್ತಬೇಕು. ಮೊದಲು ಮಧ್ಯದಲ್ಲಿ ನಿಂತು ಉಸಿರು ತಗೊಳ್ತಿದ್ದೆ. ಆಮೇಲೆ ಬಕೆಟ್ ಹಿಡ್ಕೊಂಡೇ ಒಂದೇ ಸಲಕ್ಕೆ ಹೋಗ್ತಿದ್ದೆ. ಈಗ ಮತ್ತೆ ನಿಲ್ತೀನಿ."

ಅದೇ ತಾನೇ ಫಲ! ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು, ಸ್ನಾಯುಗಳು ಜಾಸ್ತಿ ಆಮ್ಲಜನಕ ಬಳಸಲು ಕಲಿತಿದ್ದವು. ತೂಕ ಇಳಿಯದೆಯೂ ಇದು ಆಗುತ್ತದೆ, ವ್ಯಾಯಾಮ ಬಿಟ್ಟರೆ ಕೆಲವೇ ವಾರಗಳಲ್ಲಿ ಕರಗುತ್ತದೆ. ವಯಸ್ಸಾದಂತೆ ಹೇಗಿದ್ದರೂ ಈ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತಾ ಹೋಗುತ್ತದೆ. ಮುಟ್ಟು ನಿಂತ ಮೇಲೆ ಹೃದ್ರೋಗದ ಅಪಾಯವೂ ಏರುತ್ತದೆ. ಇದನ್ನು ಹೇಳುತ್ತಿದ್ದಾಗಲೇ ಅವರು ನಡುವೆ ಬಾಯಿ ಹಾಕಿದರು.

"ಆರಕ್ಕೆ ಹೋಗ್ಬೇಕು ಅಂದ್ರೆ ನಾಲ್ಕೂವರೆಗೆ ಏಳ್ಬೇಕಿತ್ತು ಮೇಡಂ. ತಿಂಡಿ, ಡಬ್ಬಿ ಎಲ್ಲಾ ಮುಗಿಸಿ ಹೋಗು ಅಂತಾರೆ ನಮ್ಮತ್ತೆ."

ತೂಕ ಬರೀ ನೆಪವಾಗಿತ್ತು. ನಾನು ಹೇಳಿದ್ದು ಇಷ್ಟು: ನಾಲ್ಕೂವರೆಗೆ ಏಳಬೇಡಿ. ಪಾರ್ಕಿನ ದಿನ ತಿಂಡಿ ನಿಮ್ಮ ಜವಾಬ್ದಾರಿ ಅಲ್ಲ ಅಂತ ಮನೆಯಲ್ಲಿ ಮೊದಲೇ ಹೇಳಿ.

ಸಂಸಾರದಲ್ಲಿ ಜಗಳ ಹಚ್ಚುತ್ತೀಯ ಅಂತ ಪರಿಚಯದ ಸಲಹೆಗಾರರೊಬ್ಬರು ಬೈದರು. ಇರಲಿ. ಗಂಡ ಆರಕ್ಕೆ ವಾಕಿಂಗ್ ಹೊರಟರೆ ತಿಂಡಿ ಆಯ್ತಾ ಅಂತ ಯಾರಾದರೂ ಕೇಳುತ್ತಾರಾ? ನಿದ್ದೆ ಕಡಿದುಕೊಂಡು ಮಾಡುವ ವ್ಯಾಯಾಮ ಬಹಳ ದಿನ ನಡೆಯುವುದಿಲ್ಲ. ಮನೆಕೆಲಸವೇ ಸಾಕಲ್ವಾ ಅನ್ನುವವರಿಗೂ ಒಂದು ಮಾತು: ಅದರಲ್ಲಿ ದಣಿವು ಜಾಸ್ತಿ, ಆದರೆ ಉಸಿರು ಏರುವ ಕೆಲಸ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ ಕನಿಷ್ಠ 150 ನಿಮಿಷ. ಐದು ದಿನ ಅರ್ಧರ್ಧ ಗಂಟೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು.

ಸುಮಾ ಮತ್ತೆ ಪಾರ್ಕಿಗೆ ಹೋಗುತ್ತಿದ್ದಾರೆ. ಮಗ ಉಪ್ಪಿಟ್ಟು ಕಲಿತಿದ್ದಾನೆ. ಉಳಿದ ದಿನ ದರ್ಶಿನಿಯಿಂದ ಇಡ್ಲಿ ಬರುತ್ತದೆ. ಅತ್ತೆಗೆ ಹೊರಗಿನ ಇಡ್ಲಿ ಸೇರುವುದಿಲ್ಲವಂತೆ. ಆ ಪಂಚಾಯಿತಿ ಇನ್ನೂ ನಡೆಯುತ್ತಿದೆ.