ಆಲ್ಟೋ ಬ್ಯಾಟರಿ: ಅಂಗಡಿಗೆ ಹೋಗುವ ಮೊದಲು ಮೀಟರ್ ಹಿಡಿಯಿರಿ

ಹೆಗಡೆಯವರೇ, ನೀವು ಹೇಳಿದ್ದು ಇಷ್ಟು: ತೋಟದ ಮನೆಯಲ್ಲಿ ವಾರಗಟ್ಟಲೆ ನಿಂತಿರುವ ಆಲ್ಟೋ 800, ಹಳೆಯ ಬ್ಯಾಟರಿ, ಕೀಲಿ ತಿರುಗಿಸಿದರೆ ಟಕ್ ಟಕ್ ಸದ್ದು ಮಾತ್ರ. ಅಂಗಡಿಯವರು 35 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟು ತುಂಬಿಕೊಳ್ಳುತ್ತದೆ ಎಂಬ ಅಳತೆ) ಸಾಕು ಎನ್ನುತ್ತಾರೆ, ನಿಮ್ಮ ಭಾವ ದೊಡ್ಡದನ್ನೇ ಹಾಕಿಸಿ ಎನ್ನುತ್ತಾರೆ. ಮೇಲೆ ಇನ್ನೊಬ್ಬರು ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನೇ ಕೂರಿಸಲು ಸಲಹೆ ಕೊಟ್ಟಿದ್ದಾರೆ.

ಆ ಕೊನೆಯ ಸಲಹೆ ಬೇಡವೇ ಬೇಡ. ಇನ್ವರ್ಟರ್ ಬ್ಯಾಟರಿ ಗಂಟೆಗಟ್ಟಲೆ ನಿಧಾನವಾಗಿ ಕರೆಂಟು ಕೊಡಲು ಮಾಡಿದ್ದು. ಸೆಲ್ಫ್ ಹೊಡೆಯುವಾಗ ಕಾರಿನ ಮೋಟಾರ್ ಎರಡು ಮೂರು ಸೆಕೆಂಡು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅದಕ್ಕೆ ತೆಳುವಾದ ಹಲವು ತಟ್ಟೆಗಳಿರುವ ಬ್ಯಾಟರಿಯೇ ಬೇಕು. ಅಲ್ಲದೆ ಆ ಪೆಟ್ಟಿಗೆಯನ್ನು ಆಲ್ಟೋದ ಬಾನೆಟ್ ಒಳಗೆ ಎಲ್ಲಿ ಇಡುತ್ತೀರಿ?

ಹೊಸದು ಕೊಳ್ಳುವ ಮೊದಲು ತಪ್ಪು ಬ್ಯಾಟರಿಯದೇ ಎಂದು ಖಚಿತ ಮಾಡಿಕೊಳ್ಳಿ. ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ. ಎಷ್ಟೋ ಸಲ ಟಕ್ ಟಕ್ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ. ಇನ್ನು ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬರಬೇಕು. ಆಗಲೂ 12 ಚಿಲ್ಲರೆಯಲ್ಲೇ ನಿಂತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಕಾರು ನಿಂತೇ ಇರುವುದರ ಮೇಲೆ. ಗಡಿಯಾರ, ಲಾಕ್, ಎಂಜಿನ್ ಕಂಪ್ಯೂಟರ್ ಸೇರಿ ಕಾರು ಆಫ್ ಆಗಿದ್ದಾಗಲೂ 30 ಮಿಲಿ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಅದು ಸಹಜವೇ. ಆದರೆ ತಿಂಗಳಿಗೆ 21 ಆಂಪಿಯರ್ ಅವರ್‌ಗೂ ಹೆಚ್ಚಾಯಿತು, ಅಂದರೆ 35ರಲ್ಲಿ ಅರ್ಧಕ್ಕಿಂತ ಜಾಸ್ತಿ. ಮಳೆಗಾಲದಲ್ಲಿ ಕಾರು ಹೊರಗೆ ತೆಗೆಯದೆ, ಮಧ್ಯೆ ಹಾಲಿನ ಡೇರಿಯವರೆಗೆ ಮಾತ್ರ ಓಡಿಸಿದರೆ ಹೋದದ್ದು ವಾಪಸ್ ತುಂಬುವುದಿಲ್ಲ. ಹೀಗೆ ಅರೆಖಾಲಿಯಾಗಿ ಕುಳಿತ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಹಿಡಿಯುವ ಶಕ್ತಿ ಕುಗ್ಗುತ್ತದೆ.

ಈಗ ಆಯ್ಕೆ. ಹಳೆಯ ಬ್ಯಾಟರಿಯ ಮೇಲಿನ ಸಂಕೇತದ ಫೋಟೊ ತೆಗೆದುಕೊಂಡು ಹೋಗಿ. ನಿಮ್ಮದರಲ್ಲಿ 38ಬಿ20ಎಲ್ ಎಂದೋ 42ಬಿ20ಎಲ್ ಎಂದೋ ಇರಬಹುದು. ಮೊದಲ ಸಂಖ್ಯೆ ಶಕ್ತಿಯ ದರ್ಜೆ, ಅದು ತುಸು ಹೆಚ್ಚಿದ್ದರೂ ಚಿಂತೆಯಿಲ್ಲ. ಬಿ ಎನ್ನುವುದು ಅಗಲ ಮತ್ತು ಎತ್ತರದ ವರ್ಗ, 20 ಎಂದರೆ ಸುಮಾರು 20 ಸೆಂಟಿಮೀಟರ್ ಉದ್ದ. ಕೊನೆಯ ಅಕ್ಷರದ ಬಗ್ಗೆ ಮಾತ್ರ ರಾಜಿ ಬೇಡ. ಎಲ್ ಬದಲು ಆರ್ ತಂದರೆ ಪ್ಲಸ್, ಮೈನಸ್ ಅದಲುಬದಲಾಗಿ ಕೇಬಲ್ ಎಟುಕುವುದಿಲ್ಲ. ಟರ್ಮಿನಲ್ ದಪ್ಪವೂ ಹಳೆಯದರಷ್ಟೇ ಇರಲಿ. ಕ್ಲ್ಯಾಂಪನ್ನು ಸುತ್ತಿಗೆಯಿಂದ ಬಡಿದು ಹೊಂದಿಸುವ ಅಂಗಡಿಯಿಂದ ಎದ್ದು ಬನ್ನಿ.

ದೊಡ್ಡದು ಹಾಕಿದರೆ ಆಲ್ಟರ್ನೇಟರ್ ಸುಡುತ್ತದೆ ಎಂಬ ಮಾತು ಸುಳ್ಳು. ಹಾಗೆಂದು ಭಾವನವರ ಮಾತು ಕೇಳಬೇಕಾಗಿಯೂ ಇಲ್ಲ. ಟ್ರೇಯಲ್ಲಿ ಸರಿಯಾಗಿ ಕೂರದ ಬ್ಯಾಟರಿ ಅಲುಗಾಡುತ್ತದೆ, ಎತ್ತರವಾದರೆ ಟರ್ಮಿನಲ್ ಬಾನೆಟ್‌ಗೆ ತಾಗಿ ಶಾರ್ಟ್ ಆಗುತ್ತದೆ. ಆ ಹೆಚ್ಚಿನ ಹಣದಲ್ಲಿ ಒಂದು ಸಣ್ಣ ಚಾರ್ಜರ್ ಕೊಳ್ಳುವುದೇ ಲೇಸು. ಕೆಲವರು ಹೇಳುವ ಸಿಸಿಎ ಅಂಕಿಯನ್ನು, ಅಂದರೆ ಚಳಿಯಲ್ಲಿ ಸೆಲ್ಫ್ ಹೊಡೆಯಲು ಬ್ಯಾಟರಿ ಕೊಡಬಲ್ಲ ಕರೆಂಟನ್ನು, ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ. ಶಿರಸಿಯಲ್ಲಿ ಅಂಥ ಚಳಿ ಬಿದ್ದರೆ ಮೊದಲು ಅಡಿಕೆ ಮರದ ಚಿಂತೆ ಮಾಡೋಣ.

ತಯಾರಾದ ತಿಂಗಳನ್ನು ಕೇಳಿ. ಸೀಸದ ಬ್ಯಾಟರಿ ಅಂಗಡಿಯಲ್ಲಿ ಕುಳಿತಲ್ಲೇ ಸೊರಗುತ್ತದೆ. ಆರು ತಿಂಗಳಿಗಿಂತ ಹಳೆಯದು ಬೇಡ, ಮೀಟರಿನಲ್ಲಿ 12.5ಕ್ಕಿಂತ ಕಡಿಮೆ ತೋರಿಸುವುದೂ ಬೇಡ. ವಾರಂಟಿ 24+24 ಎಂದಿದ್ದರೆ ಮೊದಲ 24 ತಿಂಗಳು ಮಾತ್ರ ಉಚಿತ ಬದಲಾವಣೆ, ಆಮೇಲಿನದು ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೇ. ಕಾರ್ಡಿಗೆ ದಿನಾಂಕ, ಮುದ್ರೆ ಹಾಕಿಸಿಕೊಳ್ಳಿ. ಹಳೆಯದನ್ನು ಕೊಟ್ಟು ಎಕ್ಸ್‌ಚೇಂಜ್ ಬೆಲೆ ಕೇಳಿ, ಗುಜರಿಗೆ ಹಾಕಬೇಡಿ.

ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಕಾರು ಇದ್ದವರು ಈ ಲೆಕ್ಕ ಹಿಡಿಯಬೇಡಿ. ನಿಮಗೆ ಬೇಕಾದದ್ದು ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿ, ಹಳೆಯದರ ಮೇಲೆ ಬರೆದಿರುತ್ತದೆ.

ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಹೆಗಡೆಯವರೇ, ಕಾರು ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಆ ಮೈನಸ್ ಕ್ಲ್ಯಾಂಪನ್ನೇ ಬಿಚ್ಚಿಡಿ. ಗಡಿಯಾರ ಮತ್ತೆ ಹೊಂದಿಸಬೇಕಾದೀತು, ಅಷ್ಟೇ. ಮೀಟರ್ ತೋರಿಸಿದ ಮೂರು ಅಂಕಿಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.