ಮಲೆನಾಡಿನವರು ಬರೀ ಭಾವಗೀತೆ ಕೇಳ್ತಾರಾ?

ಭಾವಗೀತೆ ಬಿಟ್ಟು ಬೇರೆ ಏನಾದರೂ ಕೇಳುತ್ತೀರಾ ಅಂತ ಕೇಳಿದಿರಲ್ಲ. ಕೇಳುತ್ತೇವೆ ಮಾರಾಯ್ರೆ, ಎಲ್ಲವನ್ನೂ ಕೇಳುತ್ತೇವೆ. ಊರು ಇರುವ ಜಾಗವೇ ಹಾಗಿದೆ.

ನಮ್ಮದು ಆಗುಂಬೆ ಕಡೆ, ಶಿವಮೊಗ್ಗ ಜಿಲ್ಲೆಯ ಗಡಿ. ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ, ಮುಂದೆ ಉಡುಪಿ. ಹಾಗಾಗಿ ಹಾಡು ನಮಗೆ ಎರಡೂ ಕಡೆಯಿಂದ ಬಂತು. ಮೇಲಿನಿಂದ ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್. ಕೆಳಗಿನಿಂದ ಮಂಗಳೂರು ನಿಲಯ, ಅದರಲ್ಲಿ ತುಳು, ಕೊಂಕಣಿ ಹಾಡು. ಕತ್ತಲಾದ ಮೇಲೆ ಮಧ್ಯಮ ತರಂಗದ ಅಲೆಗಳು ಆಕಾಶದ ಮೇಲಿನ ಪದರಕ್ಕೆ ತಾಗಿ ವಾಪಸ್ ಇಳಿಯುತ್ತವೆ, ಅದಕ್ಕೇ ರಾತ್ರಿ ಹೊತ್ತು ದೂರದ ಸ್ಟೇಷನ್‌ಗಳೂ ಸಿಗುತ್ತಿದ್ದವು. ತಮಿಳು, ಮಲಯಾಳ, ಹಿಂದಿ, ಗೊರಗೊರ ಅನ್ನುತ್ತಾ ಒಂದರ ಮೇಲೊಂದು. ಅರ್ಥ ಆಗದಿದ್ದರೂ ಧಾಟಿ ಹಿಡಿಸಿದರೆ ಸಾಕು, ರೇಡಿಯೊ ಮುಳ್ಳು ಅಲ್ಲೇ ನಿಲ್ಲುತ್ತಿತ್ತು.

ಅಡಿಕೆ ಸುಲಿಯುವ ಕಾಲದಲ್ಲಂತೂ ರಾತ್ರಿಯೆಲ್ಲ ಹಾಡು. ಹತ್ತು ಹದಿನೈದು ಜನ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಕೈಗೆ ಕೆಲಸ ಇದೆ, ಕಿವಿ ಖಾಲಿ. ಕಂಬಕ್ಕೆ ನೇತುಹಾಕಿದ ರೇಡಿಯೊದಲ್ಲಿ ಪಿ.ಬಿ. ಶ್ರೀನಿವಾಸ್ ಶುರು ಮಾಡಿದರೆ ಹಿರಿಯರು ಮಾತು ನಿಲ್ಲಿಸುತ್ತಿದ್ದರು, ಎಸ್. ಜಾನಕಿ ಹಾಡು ಬಂದರೆ ಹೆಂಗಸರು ಜೊತೆಗೆ ಗುನುಗುತ್ತಿದ್ದರು. ಯಾರಾದರೂ ಕಾಳಿಂಗ ನಾವಡರ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಮುಗೀತು, ಅದು ಪೂರ್ತಿ ಆಗುವ ತನಕ ಬೇರೆ ಯಾವುದಕ್ಕೂ ಜಾಗ ಇಲ್ಲ. ನಾವಡರು 1990ರಲ್ಲಿ ತೀರಿಹೋದರು, ಚಿಕ್ಕ ವಯಸ್ಸು. ಆ ಏರುದನಿಯ ಭಾಗವತಿಕೆ ನಮ್ಮ ಕಡೆ ಇವತ್ತಿಗೂ ಮೊಬೈಲ್‌ಗಳಲ್ಲಿ ಓಡುತ್ತಿದೆ.

ಇನ್ನು ಭಾವಗೀತೆ. ಅದು ನಮ್ಮ ಮನೆಯದೇ ಬಿಡಿ. 1978ರಲ್ಲಿ ಮೈಸೂರು ಅನಂತಸ್ವಾಮಿ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಆಮೇಲೆ ಕವಿತೆಗಳು ಟೇಪ್‌ರೆಕಾರ್ಡರ್ ಇದ್ದ ಮನೆಗೆಲ್ಲ ಹೋದವು. ಆದರೆ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲ್ಲೂಕಿನ ನಗರದವರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಅದನ್ನು ಪಡೆದ ಮೊದಲ ಕನ್ನಡಿಗ ಅವರೇ. ಬರೆದದ್ದು ಬೆಳಗಾವಿ ಕಡೆಯ ಕಂಬಾರರು, ದನಿ ಮಲೆನಾಡಿನದು. ಒಮ್ಮೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ಎತ್ತರದ ಸ್ವರಕ್ಕೆ ಹೋಗುವಾಗ ಅವರು ದನಿಯನ್ನು ತೆಳ್ಳಗೆ ಮಾಡಿಕೊಳ್ಳುವುದಿಲ್ಲ, ಕೆಳಗೆ ಎಷ್ಟು ತುಂಬಿತ್ತೋ ಮೇಲೂ ಅಷ್ಟೇ ತುಂಬಿರುತ್ತದೆ.

ಭದ್ರಾವತಿಯ ಕಥೆಯೇ ಬೇರೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಅಂತ ತಮಿಳು, ತೆಲುಗು ಮಾತಾಡುವವರು ಬಂದು ನೆಲೆಸಿದ ಊರು ಅದು. ನೆಂಟರ ಮನೆಗೆ ಹೋದರೆ ಪಕ್ಕದ ಮನೆಯಲ್ಲಿ ಹಾಕಿದ ಇಳಯರಾಜ ಸಂಗೀತದ ತಮಿಳು ಹಾಡು ನಮಗೂ ಕೇಳುತ್ತಿತ್ತು. ಹಾಗೆ ಪಳಗಿದ ಕಿವಿಗೆ 1981ರ 'ಗೀತಾ' ಚಿತ್ರದ ಹಾಡು ಬಿದ್ದಾಗ, ಅರೆ, ಇದು ಅವರದೇ ಅಲ್ವಾ ಅಂತ ತಕ್ಷಣ ಗೊತ್ತಾಗುತ್ತದೆ. ಹಾಡುವವರು ಮೇಲೆ ಒಂದು ದಾರಿ ಹಿಡಿದಿದ್ದರೆ ಕೆಳಗೆ ಬೇಸ್ ಗಿಟಾರ್ ತನ್ನದೇ ದಾರಿಯಲ್ಲಿ ನಡೆಯುತ್ತಿರುತ್ತದೆ. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಆಡುವ ಮಾತನ್ನೇ ಹಾಡು ಮಾಡಿಬಿಟ್ಟರು. ನಮ್ಮ ದೊಡ್ಡಪ್ಪನಿಗೆ ಅದು ಹಿಡಿಸಲಿಲ್ಲ, ನನಗೆ ತುಂಬಾ ಹಿಡಿಸಿತು, ಈಗಲೂ ಹಿಡಿಸುತ್ತದೆ.

ಇಲ್ಲಿ ಕ್ಯಾಸೆಟ್ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಅದನ್ನು ಹಾಗೇ ಹಾಕಿದರೆ ಪ್ಲೇಯರಿನ ಹೆಡ್‌ಗೆ ಅಂಟಿ ದನಿ ಮಂಕಾಗುತ್ತಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸಿ, ಕ್ಯಾಸೆಟ್ಟನ್ನು ಪೂರ್ತಿ ಮುಂದಕ್ಕೂ ಹಿಂದಕ್ಕೂ ಒಮ್ಮೆ ಓಡಿಸಿ, ಆಮೇಲೆ ಹಾಡು.

ದೀಪಾವಳಿಗೆ ಬನ್ನಿ. ಅಂಟಿಗೆ-ಪಂಟಿಗೆಯವರು ದೀಪ ಆರದ ಹಾಗೆ ಹಿಡಿದುಕೊಂಡು ರಾತ್ರಿ ಮನೆ ಮನೆಗೆ ಹಾಡುತ್ತಾ ಬರುತ್ತಾರೆ, ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಮುಂದಿನವರು ಹೇಳಿದ್ದಕ್ಕೆ ಹಿಂದಿನವರು ಸೊಲ್ಲು ಹಿಡಿಯುವುದನ್ನು ಅಂಗಳದಲ್ಲಿ ನಿಂತೇ ಕೇಳಬೇಕು, ರೆಕಾರ್ಡಿಂಗಿನಲ್ಲಿ ಅದು ಸಿಗುವುದಿಲ್ಲ. ಬರುವಾಗ ನಿಮ್ಮ ಊರಿನ ಹಾಡೂ ತನ್ನಿ. ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ಡೌನ್‌ಲೋಡ್ ಮಾಡಿಕೊಂಡೇ ಹೊರಡಿ.