ಜೂನ್ ಬಂದರೆ ಸರ ಅಡ ಇಡುವ ಮನೆಗೆ

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮ ಅತ್ತೆ. ಮನೆ ಸ್ವಂತದ್ದು. ನಮ್ಮ ಮನೆಯವರಿಗೆ ಸಂಬಳ ಕೈಗೆ 38,000 ಬರುತ್ತದೆ. ನಾನು ಬ್ಲೌಸ್ ಹೊಲಿದು ತಿಂಗಳಿಗೆ 6,000ದಷ್ಟು ದುಡಿಯುತ್ತೇನೆ. ಆದರೂ ಪ್ರತಿ ಜೂನ್‌ನಲ್ಲಿ ಮಕ್ಕಳ ಫೀಸಿಗೆ ನನ್ನ ಸರ ಅಡ ಇಡಬೇಕಾಗುತ್ತದೆ. ಈಗ ಅದರ ಮೇಲೆ 60,000 ಸಾಲ ಇದೆ. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಪರಿಚಯದವರ ಹತ್ತಿರ 5,000ದ ಚೀಟಿ ಹಾಕಿದ್ದೇವೆ, ಇನ್ನೂ ಎತ್ತಿಲ್ಲ. ಶ್ರಾವಣಕ್ಕೆ ಮುಗಿದು ಒಂದು ಲಕ್ಷ ಬರುತ್ತದೆ. 'ನಿನ್ನ ಕೈಯಲ್ಲಿ ದುಡ್ಡೇ ನಿಲ್ಲಲ್ಲ' ಅಂತಾರೆ ಇವರು. ಅತ್ತೆ ತರಕಾರಿ ಚೀಲ ನೋಡಿ ರೇಗುತ್ತಾರೆ. ಎರಡು ತಿಂಗಳ ಲೆಕ್ಕ ಬರೆದು ಕಳಿಸಿದ್ದೇನೆ. ಇನ್ನೆಲ್ಲಿ ಖರ್ಚು ಕಡಿಮೆ ಮಾಡಲಿ?

ಉತ್ತರ: ನಿಮ್ಮ ಲೆಕ್ಕವನ್ನು ಸಾಲು ಸಾಲಾಗಿ ನೋಡಿದೆ. ತರಕಾರಿ, ಹಾಲು, ಅಕ್ಕಿ, ಜೋಳ, ಎಣ್ಣೆ, ಗ್ಯಾಸು. ಐದು ಜನರ ಮನೆಗೆ ಇದರಲ್ಲಿ ಒಂದು ರೂಪಾಯಿಯೂ ಜಾಸ್ತಿ ಅನ್ನಿಸಲಿಲ್ಲ. ದಯವಿಟ್ಟು ಮಕ್ಕಳ ಹಾಲಿಗೆ, ತರಕಾರಿಗೆ ಕತ್ತರಿ ಹಾಕಬೇಡಿ. ನಿಮ್ಮ ಕೈಯಲ್ಲಿ ದುಡ್ಡು ನಿಲ್ಲಲ್ಲ ಅನ್ನುವುದೂ ಸುಳ್ಳು.

ಪೆಟ್ಟು ಬೀಳುತ್ತಿರುವುದು ವರ್ಷಕ್ಕೊಮ್ಮೆ ಬರುವ ಖರ್ಚುಗಳಿಂದ. ಅವನ್ನೂ ನೀವೇ ಹಾಳೆಯ ಹಿಂದೆ ಗೀಚಿದ್ದೀರಿ, ಆದರೆ ಕೂಡಿಸಿಲ್ಲ. ನಾನು ಕೂಡಿಸಿದೆ. ಇಬ್ಬರ ಫೀಸು 48,000. ಪುಸ್ತಕ, ಯೂನಿಫಾರಂ 9,000. ನಿಮ್ಮ ಮನೆಯವರ ವಿಮೆ ಕಂತು 14,600. ವರಮಹಾಲಕ್ಷ್ಮಿ, ಗೌರಿ ಗಣೇಶ, ದೀಪಾವಳಿಗೆ 13,000. ಮನೆ ಕಂದಾಯ 2,400. ಬೈಕಿನ ಇನ್ಶೂರೆನ್ಸು, ಸರ್ವೀಸು 4,000. ಇನ್ನು ನಿಮ್ಮೂರಿನ ದುಗ್ಗಮ್ಮನ ಜಾತ್ರೆ. ನೆಂಟರಿಷ್ಟರೆಲ್ಲ ಬರುತ್ತಾರೆ, ಅಡುಗೆ, ಬಟ್ಟೆ, ಉಡಿ ಅಂತ 10,000 ಆಗುತ್ತದೆ ಎಂದಿದ್ದೀರಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ವರ್ಷಕ್ಕೆ 5,000 ಹಿಡಿಯೋಣ. ಎಲ್ಲ ಸೇರಿ 96,000. ತಿಂಗಳಿಗೆ ಹಂಚಿದರೆ ಸರಿಯಾಗಿ 8,000.

ಇದರಲ್ಲಿ ಯಾವುದು ಹೇಳದೆ ಕೇಳದೆ ಬರುವ ಖರ್ಚು ಹೇಳಿ? ಜೂನ್‌ನಲ್ಲಿ ಶಾಲೆ ಶುರುವಾಗುವುದು ಗೊತ್ತು. ಜಾತ್ರೆ ಯಾವ ವರ್ಷ ಅಂತ ಊರಿಗೇ ಗೊತ್ತು. ಹೀಗಿದ್ದೂ ತಿಂಗಳ ಲೆಕ್ಕದಲ್ಲಿ ಇವಕ್ಕೆ ಜಾಗವೇ ಇಲ್ಲ. ಅದಕ್ಕೇ ಸರ ಅಡವಿಗೆ ಹೋಗುತ್ತಿದೆ. ತಿಂಗಳಿಗೆ 900ರಂತೆ ವರ್ಷಕ್ಕೆ 10,800 ಬಡ್ಡಿ. ನಿಮ್ಮ ಹಬ್ಬಗಳ ಖರ್ಚಿಗೆ ಹತ್ತಿರ ಹತ್ತಿರ ಬಂತು, ಅಲ್ವಾ? ನನಗೆ ತುಂಬಾ ಸಂಕಟವಾಗಿದ್ದು ಇದನ್ನು ನೋಡಿ.

ಹಾಗಾದರೆ 8,000 ಎಲ್ಲಿಂದ ತರುವುದು? ಶ್ರಾವಣದಲ್ಲಿ ಚೀಟಿ ದುಡ್ಡು ಬಂದ ದಿನವೇ 60,000 ಕಟ್ಟಿ ಸರ ಬಿಡಿಸಿ. ಅಲ್ಲಿಗೆ ಚೀಟಿಯ 5,000, ಬಡ್ಡಿಯ 900, ಎರಡೂ ಉಳಿಯಿತು. ಬಾಕಿ 2,100 ನಿಮ್ಮ ಹೊಲಿಗೆ ದುಡ್ಡಿನಿಂದ ಹಾಕಿ. ಇದಕ್ಕೆ ಅಂತಲೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಅದಕ್ಕೆ ಎಟಿಎಂ ಕಾರ್ಡ್ ಬೇಡ, ಫೋನ್‌ಪೇ ಜೋಡಿಸುವುದೂ ಬೇಡ. ಚೀಟಿಯಲ್ಲಿ ಉಳಿದ 40,000 ಅಲ್ಲಿಗೇ ಹೋಗಲಿ. ಸೆಪ್ಟೆಂಬರ್‌ನಿಂದ ಮೇವರೆಗೆ ತಿಂಗಳಿಗೆ 8,000 ಸೇರಿದರೆ 1,12,000. ಹಬ್ಬ, ಜಾತ್ರೆಯ ಪೂರ್ತಿ 10,000, ವಿಮೆ, ಕಂದಾಯ, ಬೈಕು ಎಲ್ಲ ಕಳೆದರೂ 68,000 ಇರುತ್ತದೆ. ಜೂನ್‌ಗೆ ಬೇಕಿರುವುದು 57,000.

ಹೊಸ ಚೀಟಿ ಮಾತ್ರ ಪರಿಚಯದ ಮೇಲೆ ಹಾಕಬೇಡಿ. 1982ರ ಚೀಟಿ ಕಾಯ್ದೆ ಪ್ರಕಾರ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದ ಕಡೆ ದುಡ್ಡು ಮುಳುಗಿದರೆ ವಾಪಸ್ ಪಡೆಯುವುದು ಬಹಳ ಕಷ್ಟ.

ಇನ್ನೊಂದು ಮಾತು. ದೊಡ್ಡ ದುಡಿಮೆ ನಿಮ್ಮ ಮನೆಯವರದೇ. ಅವರ ಬ್ಯಾಂಕಿನಲ್ಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಬಿಮಾ ಮಾಡಿಸಿ. ಜೀವನ್ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ವರ್ಷಕ್ಕೆ 20 ಮತ್ತು 436 ರೂಪಾಯಿ ಅಷ್ಟೇ. ಮೊದಲನೆಯದು ಅಪಘಾತದ ಸಾವಿಗೆ, ಎರಡನೆಯದು ಯಾವುದೇ ಕಾರಣದ ಸಾವಿಗೆ ಎರಡು ಲಕ್ಷ ಕೊಡುತ್ತದೆ.

ಈ ಲೆಕ್ಕವನ್ನು ನೀವೊಬ್ಬರೇ ಇಟ್ಟುಕೊಂಡರೆ ಜಗಳ ನಿಲ್ಲುವುದಿಲ್ಲ. ಒಂದು ಭಾನುವಾರ ಊಟ ಆದ ಮೇಲೆ ಕ್ಯಾಲೆಂಡರ್ ಕೆಳಗಿಳಿಸಿ, ಮೂವರೂ ಕೂತುಕೊಳ್ಳಿ. ಹಬ್ಬ, ಜಾತ್ರೆಯ ಖರ್ಚನ್ನು ಅತ್ತೆಯವರೇ ಹೇಳಲಿ. ಯಾರಿಗೆ ಸೀರೆ, ಯಾರಿಗೆ ಬರೀ ಉಡಿ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ನಿಮಗೆ ಗೊತ್ತಿಲ್ಲ. ವಿಮೆ, ಬೈಕು ನಿಮ್ಮ ಮನೆಯವರು ಹೇಳಲಿ. ಫೀಸು ನೀವು ಬರೆಯಿರಿ. ಆಯಾ ತಿಂಗಳ ಹಾಳೆಯ ಮೇಲೆಯೇ ಪೆನ್ನಿನಲ್ಲಿ ಮೊತ್ತ ಬರೆದು ಮತ್ತೆ ಗೋಡೆಗೆ ಹಾಕಿ. ನಿಮ್ಮ 2,100 ಸೇರುತ್ತಿರುವುದೂ ಮನೆಯವರ ಕಣ್ಣಿಗೆ ಬೀಳಲಿ. ಇಷ್ಟು ದಿನ ನಿಮ್ಮ ದುಡಿಮೆ ಹಾಲು, ಮೊಸರಿನಲ್ಲಿ ಕರಗಿ ಯಾರ ಲೆಕ್ಕಕ್ಕೂ ಬಂದಿಲ್ಲ.

ಅತ್ತೆಯವರ ಗೃಹಲಕ್ಷ್ಮಿ 2,000 ಕೇಳಬಹುದಾ ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಕೇಳಬೇಡಿ. ಆ ದುಡ್ಡು ಕೆಲವೊಮ್ಮೆ ತಡವಾಗಿ ಬರುತ್ತದೆ, ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ವಯಸ್ಸಿನಲ್ಲಿ ಮಾತ್ರೆಗೋ, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ ಕೊಡುವುದಕ್ಕೋ ಅವರು ಮಗನ ಮುಂದೆ ಕೈಚಾಚಬಾರದು.